ಚುನಾವಣಾ ವೀಕ್ಷಕರ ಕೈಯಲ್ಲಿ ಏನಿದೆ, ಏನಿಲ್ಲ

ಚುನಾವಣಾ ಆಯೋಗದ ವೀಕ್ಷಕರು ಕಲಬುರಗಿಗೆ ಬಂದಿಳಿದರೆಂದರೆ ಅವರ ಮೊಬೈಲ್ ಸಂಖ್ಯೆ, ಸಾರ್ವಜನಿಕರನ್ನು ಕಾಣುವ ಸ್ಥಳ ಮತ್ತು ಸಮಯ ಪತ್ರಿಕೆಗಳಲ್ಲಿ ಪ್ರಕಟವಾಗುತ್ತವೆ. ಅದನ್ನು ಓದಿ ಅತಿಥಿಗೃಹಕ್ಕೆ ಬರುವವರಲ್ಲಿ ಅನೇಕರು "ಸಾಹೇಬ್ರಿಗಿ ಹೇಳ್ರಿ, ಅವ್ರು ದಿಲ್ಲಿಯಿಂದ ಬಂದಾರ" ಎಂದು ಸಿಬ್ಬಂದಿಯನ್ನು ಬೇಡಿಕೊಳ್ಳುತ್ತಾರೆ. ವೀಕ್ಷಕರು ಮನಸ್ಸು ಮಾಡಿದರೆ ತಹಶೀಲ್ದಾರರನ್ನು ಅಲ್ಲಿಯೇ ಅಮಾನತು ಮಾಡಬಲ್ಲರು, ಅಭ್ಯರ್ಥಿಯನ್ನು ಕಣದಿಂದ ಹೊರಗೆ ಹಾಕಬಲ್ಲರು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಲೆಕ್ಕಪತ್ರ ವಿಭಾಗದ ಅಧಿಕಾರಿಯಾಗಿ ಈ ಭಾಗದಲ್ಲಿ ಸಹಾಯಕ ವೆಚ್ಚ ವೀಕ್ಷಕನ ಕೆಲಸ ಮಾಡಿದ ಅನುಭವದಿಂದ ಹೇಳುವುದಾದರೆ, ಈ ನಂಬಿಕೆಯಿಂದಾಗಿಯೇ ವೀಕ್ಷಕರಿಂದ ಆಗಬಹುದಾದ ನಿಜವಾದ ಕೆಲಸವೂ ಅರ್ಧಕ್ಕೆ ನಿಲ್ಲುತ್ತದೆ.

ಸಂವಿಧಾನದ 324ನೇ ವಿಧಿಯು ಚುನಾವಣೆಗಳ ಮೇಲ್ವಿಚಾರಣೆ, ನಿರ್ದೇಶನ ಮತ್ತು ನಿಯಂತ್ರಣವನ್ನು ಆಯೋಗಕ್ಕೆ ಒಪ್ಪಿಸಿದೆ. ಆಯೋಗವು ಮೊದಲು ಈ ಅಧಿಕಾರದ ಬಲದಿಂದಲೇ ವೀಕ್ಷಕರನ್ನು ಕಳುಹಿಸುತ್ತಿತ್ತು. 1996ರಲ್ಲಿ ಪ್ರಜಾಪ್ರತಿನಿಧಿ ಕಾಯ್ದೆ, 1951ಕ್ಕೆ 20ಬಿ ಕಲಮು ಸೇರಿದ ಮೇಲೆ ಅವರಿಗೆ ಶಾಸನದಲ್ಲಿಯೇ ಸ್ಥಾನ ದೊರೆಯಿತು. ಈ ಕಲಮಿನ ಪ್ರಕಾರ ವೀಕ್ಷಕರು ಸರ್ಕಾರದ ಅಧಿಕಾರಿಯೇ ಆಗಿರಬೇಕು. ಹೆಚ್ಚಿನ ಸಂಖ್ಯೆಯ ಮತಗಟ್ಟೆಗಳು ವಶವಾಗಿವೆ ಅಥವಾ ಮತಪತ್ರಗಳನ್ನು ಅಕ್ರಮವಾಗಿ ಒಯ್ಯಲಾಗಿದೆ, ನಾಶಮಾಡಲಾಗಿದೆ ಎಂದು ಅವರಿಗೆ ಕಂಡುಬಂದಲ್ಲಿ, ಫಲಿತಾಂಶ ಘೋಷಣೆಗೆ ಮುಂಚೆ ಎಣಿಕೆಯನ್ನು ನಿಲ್ಲಿಸುವಂತೆ ಅಥವಾ ಫಲಿತಾಂಶವನ್ನು ತಡೆಹಿಡಿಯುವಂತೆ ಚುನಾವಣಾಧಿಕಾರಿಗೆ ಸೂಚಿಸಬಹುದು. ಆಮೇಲಿನ ತೀರ್ಮಾನ ಆಯೋಗದ್ದು. ಕಾಯ್ದೆಯು ನೇರವಾಗಿ ಕೊಟ್ಟಿರುವ ಆಜ್ಞಾಧಿಕಾರ ಇಷ್ಟೇ. ಉಳಿದಂತೆ ಪರವಾನಗಿ ಕೊಡುವವರು, ನೋಟಿಸ್ ಜಾರಿ ಮಾಡುವವರು, ಪ್ರಕರಣ ದಾಖಲಿಸುವವರು ಸ್ಥಳೀಯ ಅಧಿಕಾರಿಗಳೇ. ವೀಕ್ಷಕರು ನೋಡುತ್ತಾರೆ, ಕೇಳುತ್ತಾರೆ, ಬರೆಯುತ್ತಾರೆ. ಆದರೆ ಆ ಬರವಣಿಗೆ ಜಿಲ್ಲೆಯ ಯಾವ ಮೇಜನ್ನೂ ದಾಟದೆ ನೇರವಾಗಿ ಆಯೋಗಕ್ಕೆ ಹೋಗುತ್ತದೆ, ಮತ್ತು ಚುನಾವಣೆ ನಡೆಸುವ ಸಿಬ್ಬಂದಿ ಹಾಗೂ ಪೊಲೀಸರು 28ಎ ಕಲಮಿನಂತೆ ಅಷ್ಟು ದಿನ ಆಯೋಗಕ್ಕೆ ನಿಯೋಜಿತರಾದವರು. ವರದಿಯ ಒಂದು ಸಾಲಿನಿಂದ ವರ್ಗಾವಣೆ ಆಗುವುದಿದ್ದರೆ ಅದು ಈ ದಾರಿಯಿಂದಲೇ ಆಗುತ್ತದೆ.

ಸಾಮಾನ್ಯ ವೀಕ್ಷಕರು ಐಎಎಸ್, ಪೊಲೀಸ್ ವೀಕ್ಷಕರು ಐಪಿಎಸ್, ವೆಚ್ಚ ವೀಕ್ಷಕರು ಹೆಚ್ಚಾಗಿ ಆದಾಯ ತೆರಿಗೆ ಮತ್ತು ಸುಂಕದಂತಹ ಕಂದಾಯ ಸೇವೆಗಳಿಂದ ಬಂದವರು. ವಿಧಾನಸಭಾ ಚುನಾವಣೆಗೆ ಇವರನ್ನು ಹೊರರಾಜ್ಯಗಳಿಂದ ಕರೆಸುತ್ತಾರೆ. ಮೂರು ತಾಲ್ಲೂಕು ದಾಟುವುದರೊಳಗೆ ಬೀಗರೋ ಸಹಪಾಠಿಯೋ ಎದುರಾಗುವ ನಮ್ಮ ಸೀಮೆಯಲ್ಲಿ ಯಾರ ಹಂಗೂ ಇಲ್ಲದ ಒಬ್ಬ ಅಧಿಕಾರಿ ಇರುವುದು ಸಣ್ಣ ಲಾಭವಲ್ಲ. ಆದರೆ ಅವರ ಸಂಪರ್ಕಾಧಿಕಾರಿ, ಚಾಲಕ, ಅಂಗರಕ್ಷಕ ಎಲ್ಲರೂ ಇಲ್ಲಿಯವರೇ. ಕಲಬುರಗಿ, ಬೀದರ್ ಪಟ್ಟಣಗಳಲ್ಲಿ ಹಿಂದಿ ಬಲ್ಲ ವೀಕ್ಷಕರು ಜನರೊಂದಿಗೆ ತಾವೇ ಮಾತಾಡಿಕೊಳ್ಳುತ್ತಾರೆ. ಚಿಂಚೋಳಿಯ ತಾಂಡಾದ ಹೆಣ್ಣುಮಕ್ಕಳು ಹೇಳಿದ್ದಾಗಲಿ, ಸುರಪುರದ ಹಳ್ಳಿಯ ರೈತ ಹೇಳಿದ್ದಾಗಲಿ ಅವರ ಕಿವಿಗೆ ತಲುಪುವುದು ಇನ್ನೊಬ್ಬರ ಬಾಯಿಂದ. ಯಾವ ಮತಗಟ್ಟೆಯನ್ನು ತೋರಿಸಬೇಕು, ಯಾವ ದಾರಿಯಲ್ಲಿ ಕರೆದೊಯ್ಯಬೇಕು ಎಂಬುದನ್ನು ಸ್ಥಳೀಯರೇ ನಿರ್ಧರಿಸಿದರೆ ಹೊರಗಿನವರನ್ನು ಕರೆಸಿದ ಉದ್ದೇಶವೇ ಸಡಿಲಾಗುತ್ತದೆ. ಅನುಭವಸ್ಥ ವೀಕ್ಷಕರು ಇದನ್ನು ಬಲ್ಲರು. ಬೆಳಿಗ್ಗೆ ಒಂದು ಮಾರ್ಗ ಹೇಳಿ, ಹೆದ್ದಾರಿಗೆ ಬಂದ ಮೇಲೆ ಇನ್ನೊಂದು ಕಡೆ ಗಾಡಿ ತಿರುಗಿಸುತ್ತಾರೆ.

ವಿಧಾನಸಭೆಗೆ ಸ್ಪರ್ಧಿಸುವ ಅಭ್ಯರ್ಥಿಯ ವೆಚ್ಚದ ಮಿತಿ ಕರ್ನಾಟಕದಲ್ಲಿ 2022ರಿಂದ 40 ಲಕ್ಷ ರೂಪಾಯಿ. ಇದನ್ನು ಕಾಯುವ ಮುಖ್ಯ ಸಾಧನ ಶ್ಯಾಡೋ ರಿಜಿಸ್ಟರ್ ಎಂದು ನಾವು ಕರೆಯುವ ಸಮಾನಾಂತರ ಲೆಕ್ಕದ ಪುಸ್ತಕ. ಸೇಡಂನಲ್ಲೋ ಅಫಜಲಪುರದಲ್ಲೋ ಒಂದು ಬಹಿರಂಗ ಸಭೆ ಇದೆ ಎನ್ನೋಣ. ವಿಡಿಯೊ ತಂಡದವರು ಕ್ಯಾಮೆರಾ ಚಾಲೂ ಮಾಡಿದೊಡನೆ ದಿನಾಂಕ, ಸ್ಥಳ, ಪಕ್ಷ, ಅಭ್ಯರ್ಥಿಯ ಹೆಸರನ್ನು ಬಾಯಿಬಿಟ್ಟು ಹೇಳಿ, ವೇದಿಕೆಯ ಅಗಲ, ಕುರ್ಚಿಗಳ ಸಾಲು, ಧ್ವನಿವರ್ಧಕ, ಕಟೌಟು, ನಿಂತ ವಾಹನಗಳ ನಂಬರು ಎಲ್ಲವನ್ನೂ ಹೇಳುತ್ತ ಹೇಳುತ್ತ ಚಿತ್ರೀಕರಿಸಬೇಕು. ಅದನ್ನು ಕಚೇರಿಯಲ್ಲಿ ಇನ್ನೊಂದು ತಂಡ ನೋಡಿ ಪಟ್ಟಿ ಮಾಡುತ್ತದೆ. ಲೆಕ್ಕದ ತಂಡವು ಜಿಲ್ಲಾ ಚುನಾವಣಾಧಿಕಾರಿ ಮೊದಲೇ ನಿಗದಿಮಾಡಿದ ದರಪಟ್ಟಿಯಂತೆ ಕುರ್ಚಿಗೆ ಇಷ್ಟು, ಶಾಮಿಯಾನಕ್ಕೆ ಇಷ್ಟು, ಚಹಾಕ್ಕೆ ಇಷ್ಟು ಎಂದು ಬೆಲೆ ಕಟ್ಟಿ ರಿಜಿಸ್ಟರಿಗೆ ಏರಿಸುತ್ತದೆ. ಪ್ರಚಾರದ ಅವಧಿಯಲ್ಲಿ ಕನಿಷ್ಠ ಮೂರು ಸಲ ಅಭ್ಯರ್ಥಿಯ ಪುಸ್ತಕವನ್ನು ಇದರೊಂದಿಗೆ ತಾಳೆ ನೋಡಲಾಗುತ್ತದೆ. ಎಂಟುನೂರು ಕುರ್ಚಿ ವಿಡಿಯೊದಲ್ಲಿದ್ದು ಅಭ್ಯರ್ಥಿಯ ಪುಸ್ತಕದಲ್ಲಿ ಇನ್ನೂರು ಇದ್ದರೆ ಉಳಿದ ಆರುನೂರಕ್ಕೆ ನೋಟಿಸ್ ಹೋಗುತ್ತದೆ. ವಿಡಿಯೊ ತಂಡ ತಡವಾಗಿ ತಲುಪಿದರೆ ಆ ಸಭೆ ಲೆಕ್ಕದ ಮಟ್ಟಿಗೆ ಮುಕ್ಕಾಲು ನಡೆದೇ ಇಲ್ಲ. ಆದ್ದರಿಂದ ವೆಚ್ಚ ವೀಕ್ಷಕರ ಬಿಗಿ ಎಷ್ಟು ಎಂಬುದು ಅವರ ಸಿಟ್ಟಿಗಿಂತ ಈ ತಂಡಕ್ಕೆ ಸಮಯಕ್ಕೆ ಸರಿಯಾಗಿ ಜೀಪು ಸಿಕ್ಕಿತೋ ಇಲ್ಲವೋ ಎಂಬುದನ್ನು ಅವಲಂಬಿಸಿರುತ್ತದೆ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ನಮ್ಮ ಭಾಗಕ್ಕೆ ಇನ್ನೊಂದು ತೊಡಕಿದೆ. ಔರಾದ್, ಭಾಲ್ಕಿ, ಬಸವಕಲ್ಯಾಣ, ಆಳಂದಗಳ ಬೆನ್ನಿಗೆ ಮಹಾರಾಷ್ಟ್ರ. ಚಿಂಚೋಳಿ, ಸೇಡಂ, ಗುರುಮಠಕಲ್‌ಗಳ ಮಗ್ಗುಲಿಗೆ ತೆಲಂಗಾಣ. ಚೆಕ್‌ಪೋಸ್ಟುಗಳು ಡಾಂಬರು ರಸ್ತೆಯ ಮೇಲಿರುತ್ತವೆ, ಹೊಲದ ದಾರಿಗಳ ಮೇಲಲ್ಲ. ಅದೂ ಅಲ್ಲದೆ ಮುಂಬೈ, ಪುಣೆ, ಹೈದರಾಬಾದ್‌ಗಳಿಗೆ ದುಡಿಯಲು ಹೋದ ಮತದಾರರನ್ನು ಕರೆತರಲು ಬಸ್ಸು, ಕ್ರೂಸರ್ ಗೊತ್ತುಮಾಡುವುದು ನಡೆದೇ ಇದೆ. ಮತಗಟ್ಟೆಗೆ ಮತದಾರರನ್ನು ಪುಕ್ಕಟೆ ಸಾಗಿಸಲು ಅಭ್ಯರ್ಥಿಯ ಕಡೆಯಿಂದ ವಾಹನ ಬಾಡಿಗೆಗೆ ಹಿಡಿಯುವುದು ಪ್ರಜಾಪ್ರತಿನಿಧಿ ಕಾಯ್ದೆಯ 123(5)ನೇ ಕಲಮಿನಡಿ ಭ್ರಷ್ಟ ಆಚರಣೆ. ಆದರೆ ಬಾಡಿಗೆ ಪುಣೆಯಲ್ಲಿ ಸಂದಾಯವಾಗಿ, ಬಸ್ಸು ರಾತ್ರಿ ಎರಡಕ್ಕೆ ಊರ ಅಗಸಿಯಲ್ಲಿ ಜನರನ್ನು ಇಳಿಸಿ ಹೋದರೆ ಕಲಬುರಗಿಯಲ್ಲಿ ಕುಳಿತ ವೀಕ್ಷಕರ ಕಡತಕ್ಕೆ ಏನೂ ಬರುವುದಿಲ್ಲ. ಪಕ್ಷೇತರರ ಹೆಸರಿನಲ್ಲಿ ಪರವಾನಗಿ ಪಡೆದ ಜೀಪು ಬೇರೊಬ್ಬರ ಕರಪತ್ರ ಹೊತ್ತು ತಿರುಗುವುದು ಮಾತ್ರ ಸುಲಭವಾಗಿ ಸಿಕ್ಕಿಬೀಳುತ್ತದೆ, ಏಕೆಂದರೆ ಪರವಾನಗಿಯ ಮೂಲಪ್ರತಿ ಗಾಜಿನ ಮೇಲೆಯೇ ಅಂಟಿರುತ್ತದೆ.

ಸಾಮಾನ್ಯ ವೀಕ್ಷಕರ ಕೆಲಸ ಹೆಚ್ಚು ಕ್ರಮಬದ್ಧವಾದುದರಿಂದ ವಿವಾದ ಕಡಿಮೆ. ಮತಯಂತ್ರಗಳನ್ನು ಮತಗಟ್ಟೆವಾರು ಹಂಚುವ ಎರಡನೆಯ ಯಾದೃಚ್ಛಿಕ ಆಯ್ಕೆ, ಮತದಾನದ ಮರುದಿನ ಮತ ಹಾಕಿದವರ ವಿವರವಿರುವ 17ಎ ನಮೂನೆಯ ರಿಜಿಸ್ಟರ್ ಪರಿಶೀಲನೆ, ಎಣಿಕೆಯ ದಿನ ಪ್ರತಿ ಕ್ಷೇತ್ರದಲ್ಲಿ ಚೀಟಿ ಎತ್ತಿ ಆರಿಸಿದ ಐದು ಮತಗಟ್ಟೆಗಳ ವಿವಿಪ್ಯಾಟ್ ಚೀಟಿಗಳ (ಹಾಕಿದ ಮತ ಯಾರಿಗೆಂದು ತೋರಿಸುವ ಮುದ್ರಿತ ಚೀಟಿಗಳ) ತಾಳೆ ಇವೆಲ್ಲ ಅವರ ಸಮಕ್ಷಮ ನಡೆಯುತ್ತವೆ, ಅಭ್ಯರ್ಥಿಗಳ ಏಜೆಂಟರೂ ಅಲ್ಲಿರುತ್ತಾರೆ.

ಇನ್ನು ದೂರಿನ ಮಾತು. "ನಮ್ಮೂರಲ್ಲಿ ಹಣ ಹಂಚುತ್ತಿದ್ದಾರೆ" ಎಂಬ ಒಂದು ಸಾಲಿನ ಅರ್ಜಿಯನ್ನು ವೀಕ್ಷಕರು ಜಿಲ್ಲಾ ಕಚೇರಿಗೆ ಕಳುಹಿಸುತ್ತಾರೆ, ಅಲ್ಲಿಂದ ಅದು ಠಾಣೆಗೆ ಹೋಗುತ್ತದೆ, "ಪರಿಶೀಲಿಸಲಾಗಿ ಯಾವುದೂ ಕಂಡುಬಂದಿಲ್ಲ" ಎಂದು ತಿರುಗಿ ಬರುತ್ತದೆ. ಓಣಿಯ ಹೆಸರು, ಗಂಟೆ, ವಾಹನದ ನಂಬರು, ಸಾಧ್ಯವಾದರೆ ಒಂದು ಚಿತ್ರ ಇರುವ ದೂರಿಗೆ ಹೀಗೆ ಉತ್ತರಿಸುವುದು ಕಷ್ಟ. ದೂರು ಕೊಡಲೆಂದೇ ಆಯೋಗ ಮಾಡಿರುವ ಸಿ-ವಿಜಿಲ್ ಆ್ಯಪಿನಲ್ಲಿ ಸ್ಥಳದಿಂದಲೇ ಚಿತ್ರ ಕಳುಹಿಸಿದರೆ 100 ನಿಮಿಷಗಳಲ್ಲಿ ಇತ್ಯರ್ಥಪಡಿಸಬೇಕೆಂಬ ನಿಯಮವಿದೆ. ದೂರನ್ನು ಅಲ್ಲಿ ದಾಖಲಿಸಿ, ಮೇಲುಮೇಲೆ ಮುಗಿಸಿಬಿಟ್ಟರೆ ಆಗ ವೀಕ್ಷಕರಿಗೆ ಫೋನ್ ಮಾಡುವುದು ಸರಿಯಾದ ಕ್ರಮ. ಕೆಳಗಿನವರ ಉತ್ತರವನ್ನು ಪರೀಕ್ಷಿಸಲಿಕ್ಕೇ ಅವರನ್ನು ಕಳುಹಿಸಿರುವುದು.

ಫಲಿತಾಂಶ ಬಂದ 30 ದಿನಗಳೊಳಗೆ ಪ್ರತಿ ಅಭ್ಯರ್ಥಿಯೂ ವೆಚ್ಚದ ಲೆಕ್ಕ ಸಲ್ಲಿಸಬೇಕು. ಸಮರ್ಪಕ ಕಾರಣವಿಲ್ಲದೆ ತಪ್ಪಿದರೆ ಆಯೋಗವು 10ಎ ಕಲಮಿನಡಿ ಮೂರು ವರ್ಷ ಅನರ್ಹಗೊಳಿಸಬಹುದು. ವೆಚ್ಚ ವೀಕ್ಷಕರು ಲೆಕ್ಕದ ತಾಳೆಗೆಂದು ಆಗ ಮತ್ತೊಮ್ಮೆ ಜಿಲ್ಲೆಗೆ ಬರುತ್ತಾರೆ, ಆದರೆ ಅಷ್ಟು ಹೊತ್ತಿಗೆ ಪತ್ರಿಕೆಯವರೂ ಇಲ್ಲ, ದೂರುದಾರರೂ ಇಲ್ಲ. ಚುನಾವಣೆಗಳ ನಿರ್ವಹಣಾ ನಿಯಮಗಳು, 1961ರ 88ನೇ ನಿಯಮದಂತೆ ಜಿಲ್ಲಾ ಚುನಾವಣಾಧಿಕಾರಿಗೆ ಸಲ್ಲಿಕೆಯಾದ ಈ ಲೆಕ್ಕವನ್ನು ಯಾರು ಬೇಕಾದರೂ ಒಂದು ರೂಪಾಯಿ ಶುಲ್ಕ ಕಟ್ಟಿ ನೋಡಬಹುದು, ನಿಗದಿತ ಶುಲ್ಕ ಕೊಟ್ಟು ದೃಢೀಕೃತ ನಕಲನ್ನೂ ಪಡೆಯಬಹುದು. ಸಭೆ ನಡೆದ ದಿನ ಮೈದಾನದಲ್ಲಿ ಇದ್ದವರು ಆ ತಾರೀಖಿನ ಪುಟ ತೆರೆದು ಶಾಮಿಯಾನ, ವಾಹನ, ಊಟದ ಬಾಬತ್ತುಗಳನ್ನು ಓದಿದರೆ ಸಾಕು, ಯಾವುದು ಬರೆಯದೆ ಉಳಿದಿದೆ ಎಂಬುದು ಯಾವ ವೀಕ್ಷಕರಿಗಿಂತಲೂ ಬೇಗ ಅವರಿಗೆ ತಿಳಿಯುತ್ತದೆ.