ಕ್ಷಯದ ಗಂಟಿನೊಳಗೆ

ಕ್ಷಯ ಎಂದರೆ ಸವೆಯುವುದು, ಕರಗುವುದು. ಈ ಹೆಸರಿಟ್ಟವರಿಗೆ ರೋಗಾಣುವಿನ ಸುಳಿವಿರಲಿಲ್ಲ. ಅದನ್ನು ರಾಬರ್ಟ್ ಕಾಕ್ ತೋರಿಸಿಕೊಟ್ಟದ್ದು 1882ರಲ್ಲಿ. ಹಿಂದಿನವರ ಕಣ್ಣಿಗೆ ಬಿದ್ದದ್ದು ದಿನೇ ದಿನೇ ಸೊರಗುವ ಮೈ ಮಾತ್ರ. ಆ ಸೊರಗುವಿಕೆಯಲ್ಲಿ ರೋಗಾಣುವಿನ ಜೊತೆಗೆ ನಮ್ಮ ದೇಹದ ಕೈಯೂ ಇದೆ.

ಉಸಿರಿನೊಡನೆ ಒಳಹೊಕ್ಕ ರೋಗಾಣುವನ್ನು ಶ್ವಾಸಕೋಶದ ಮ್ಯಾಕ್ರೋಫೇಜ್ ಎಂಬ ಕಾವಲು ಕೋಶ ನುಂಗುತ್ತದೆ, ಆದರೆ ಎಷ್ಟೋ ಸಲ ಅರಗಿಸಿಕೊಳ್ಳಲಾರದು. ಆಗ ಅದು ಸೈಟೊಕೈನ್ ಎಂಬ ಪುಟ್ಟ ಪ್ರೋಟೀನುಗಳನ್ನು ಹೊರಬಿಟ್ಟು ನೆರವು ಕೇಳುತ್ತದೆ. ಇಂಟರ್‌ಲ್ಯೂಕಿನ್-12 ಎಂಬ ಕರೆಗೆ ಟಿ ಕೋಶಗಳೆಂಬ ಬಿಳಿ ರಕ್ತಕಣಗಳು ಓಗೊಟ್ಟು ಇಂಟರ್‌ಫೆರಾನ್-ಗಾಮಾ ಎಂಬ ಇನ್ನೊಂದು ಸೈಟೊಕೈನ್ ಸುರಿಸುತ್ತವೆ. ಅದು ತಾಗಿದ ಮೇಲೆ ಮ್ಯಾಕ್ರೋಫೇಜ್‌ಗೆ ಕೊಲ್ಲುವ ಬಲ ಬರುತ್ತದೆ. ಈ ಸರಪಳಿಯ ಒಂದು ಕೊಂಡಿ ಹುಟ್ಟಿನಿಂದಲೇ ತುಂಡಾಗಿರುವ ಕೆಲವು ಮಕ್ಕಳಿದ್ದಾರೆ. ಕ್ಷಯ ತಡೆಯಲೆಂದು ಕೊಡುವ ಬಿಸಿಜಿ ಲಸಿಕೆಯಲ್ಲಿನ ದುರ್ಬಲ ಬ್ಯಾಕ್ಟೀರಿಯಾ ಕೂಡ ಅವರ ಮೈತುಂಬ ಹರಡಬಲ್ಲದು.

ನನ್ನನ್ನು ಹೆಚ್ಚು ಕಾಡುವ ಪ್ರೋಟೀನ್ ಮಾತ್ರ ಬೇರೆಯದು, ಟಿಎನ್‌ಎಫ್ (ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್) ಎಂಬ ಸೈಟೊಕೈನ್. ಸೋಂಕಾದ ಪ್ರಾಣಿಗಳು ಬಡಕಲಾಗುವುದೇಕೆ ಎಂದು ಹುಡುಕುತ್ತಿದ್ದ ವಿಜ್ಞಾನಿಗಳು ಒಂದು ಪ್ರೋಟೀನನ್ನು ಹಿಡಿದು ‘ಕ್ಯಾಚೆಕ್ಟಿನ್’ ಎಂದು ಕರೆದಿದ್ದರು. ಮೈ ಸೊರಗುವುದಕ್ಕೆ ವೈದ್ಯರು ಬಳಸುವ ಗ್ರೀಕ್ ಮೂಲದ ಪದದಿಂದ ಬಂದ ಹೆಸರು. 1985ರಲ್ಲಿ ನೋಡಿದರೆ ಅದೂ ಟಿಎನ್‌ಎಫ್ಫೂ ಒಂದೇ! ನಮ್ಮ ‘ಕ್ಷಯ’ ಎಂಬ ಮಾತು ಅಣುವಿನ ಮಟ್ಟದಲ್ಲೂ ನಿಜವಾಗಿತ್ತು.

ಹಾಗೆಂದು ಅದನ್ನು ತೆಗೆದುಹಾಕುವಂತಿಲ್ಲ. ರೋಗಾಣುವಿನ ಸುತ್ತ ಕೋಶಗಳು ಒತ್ತಾಗಿ ಕಟ್ಟುವ ಗ್ರಾನುಲೋಮಾ ಎಂಬ ಗಂಟು ಬಿಗಿಯಾಗಿ ನಿಲ್ಲಲು ಟಿಎನ್‌ಎಫ್ ಬೇಕು. ಸಂಧಿವಾತಕ್ಕೆ ಟಿಎನ್‌ಎಫ್ ತಡೆಯುವ ಔಷಧಿ ಬಂದಾಗ ಕೆಲವು ರೋಗಿಗಳಲ್ಲಿ ಅವಿತಿದ್ದ ಕ್ಷಯ ಎದ್ದು ಕೂತಿತು. 2001ರಲ್ಲಿ ಇದು ವರದಿಯಾಯಿತು. ಈಗ ಆ ಔಷಧಿ ಕೊಡುವ ಮುನ್ನ ಕ್ಷಯದ ಪರೀಕ್ಷೆ ಮಾಡುತ್ತಾರೆ.

ಹೆಚ್ಚಾದರೂ ಕೇಡೇ. ಝೀಬ್ರಾ ಮೀನುಗಳಲ್ಲಿ ಟಿಎನ್‌ಎಫ್ ಕಡಿಮೆಯಾದಾಗಲೂ ಅತಿಯಾದಾಗಲೂ ಮ್ಯಾಕ್ರೋಫೇಜ್‌ಗಳು ಒಡೆದು ಸತ್ತವು, ಬ್ಯಾಕ್ಟೀರಿಯಾ ಹೊರಬಿದ್ದು ಹುಲುಸಾಗಿ ಬೆಳೆದವು. ಮಿದುಳು ಪೊರೆಯ ಕ್ಷಯದಲ್ಲಿ ಉರಿಯೂತವೇ ಪ್ರಾಣಕ್ಕೆ ಎರವಾಗುವುದುಂಟು. ಅಲ್ಲಿ ರೋಗಾಣು ಕೊಲ್ಲುವ ಮಾತ್ರೆಗಳ ಜೊತೆ ಉರಿಯೂತ ತಗ್ಗಿಸುವ ಡೆಕ್ಸಾಮೆಥಾಸೋನ್ ಔಷಧಿ ಕೊಟ್ಟರೆ ಸಾವು ಕಡಿಮೆಯಾಗುತ್ತದೆಂದು 2004ರಲ್ಲಿ ವಿಯೆಟ್ನಾಂನ ಪ್ರಯೋಗ ತೋರಿಸಿತು. ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸಿ ಜೀವ ಉಳಿಸುವ ಆ ಉಪಾಯ ನನಗೆ ಇಂದಿಗೂ ಅಚ್ಚರಿ.

ಎಷ್ಟು ಎನ್ನುವಂತೆಯೇ ಎಲ್ಲಿ ಎನ್ನುವುದೂ ಮುಖ್ಯ. ಗಂಟಿನ ನಡುವೆ ಉರಿ ಹೆಚ್ಚಿಸುವ ಸಂಕೇತಗಳು ದಟ್ಟವಾಗಿದ್ದರೆ, ಅಂಚಿನಲ್ಲಿ ಶಮನ ಮಾಡುವಂಥವು ಹೆಚ್ಚು. ಆದ್ದರಿಂದ ರಕ್ತದಲ್ಲಿ ಅಳೆದ ಒಂದು ಅಂಕಿ ಅಂಗಾಂಶದೊಳಗಿನ ಕಥೆಯನ್ನು ಪೂರ್ತಿ ಹೇಳಲಾರದು.

ಈ ಹದ ತಪ್ಪಿದಾಗ ನಮ್ಮದೇ ಕೋಶಗಳು ಸ್ರವಿಸುವ ಕಿಣ್ವಗಳು ಶ್ವಾಸಕೋಶದ ಕೊಲಾಜನ್ ಎಂಬ ನಾರಿನಂಥ ಪ್ರೋಟೀನಿನ ಹಂದರವನ್ನು ಕತ್ತರಿಸುತ್ತವೆ. ಗಂಟಿನ ನಡುಭಾಗ ಗಿಣ್ಣಿನಂತೆ ಮೆತ್ತಗಾಗಿ, ಕರಗಿ, ಶ್ವಾಸನಾಳಕ್ಕೆ ಬಾಯಿ ತೆರೆಯುತ್ತದೆ. ಅಲ್ಲಿಂದ ಕೆಮ್ಮಿನೊಡನೆ ಹೊರಟ ಹನಿಗಳಲ್ಲಿ ರೋಗಾಣು ಇನ್ನೊಬ್ಬರ ಉಸಿರನ್ನು ಸೇರುತ್ತದೆ.