‘ಸಂಬಳಕ್ಕೆ ಬಳಸತಕ್ಕದ್ದಲ್ಲ’ ಎಂದು ಬರೆಯುವ ದಾನಿಗಳಿಗೆ

ವೃದ್ಧರು, ದೀರ್ಘಕಾಲದ ರೋಗಿಗಳು ಮತ್ತು ಅಸಹಾಯಕರ ಆರೈಕೆ ಮಾಡುವ ದತ್ತಿ ಸಂಸ್ಥೆಗಳ ಲೆಕ್ಕಪರಿಶೋಧನೆಗೆ ಕುಳಿತಾಗಲೆಲ್ಲ ದಾನಿಗಳ ಪತ್ರಗಳಲ್ಲಿ ಒಂದು ಷರತ್ತು ತಪ್ಪದೆ ಎದುರಾಗುತ್ತದೆ: ‘ಈ ಹಣವನ್ನು ಸಿಬ್ಬಂದಿಯ ಸಂಬಳಕ್ಕೆ ಬಳಸತಕ್ಕದ್ದಲ್ಲ.’ ಬರೆದವರ ಮನಸ್ಸು ಒಳ್ಳೆಯದೇ. ಕೊಟ್ಟದ್ದು ಕಚೇರಿಯಲ್ಲಿ ಕರಗದೆ ರೋಗಿಗೆ ತಲುಪಲಿ ಎಂಬುದಷ್ಟೇ ಅವರ ಆಸೆ. ಆದರೆ ಆರೈಕೆಯ ಕೆಲಸದಲ್ಲಿ ರೋಗಿಗೆ ತಲುಪುವುದು ಬಹುಪಾಲು ಇನ್ನೊಬ್ಬ ಮನುಷ್ಯನ ಸಮಯ, ಮತ್ತು ಆ ಸಮಯಕ್ಕೆ ತೆರುವ ಹಣವೇ ಸಂಬಳ ಎಂಬುದನ್ನು ವಿವರಿಸಿ ವಿವರಿಸಿ ನನಗೆ ಸಾಕಾಗಿದೆ.

ತಾನಾಗಿ ಹೊರಳಲಾರದೆ ಹಾಸಿಗೆ ಹಿಡಿದಿರುವ ಒಬ್ಬ ವೃದ್ಧೆಯನ್ನೇ ತೆಗೆದುಕೊಳ್ಳಿ. ಬಹಳ ಹೊತ್ತು ಒಂದೇ ಮಗ್ಗುಲಲ್ಲಿದ್ದರೆ ಎಲುಬು ಚರ್ಮಕ್ಕೆ ಒತ್ತುವ ಕಡೆ, ಅಂದರೆ ಬೆನ್ನಿನ ಬುಡ, ಸೊಂಟದ ಪಕ್ಕ, ಹಿಮ್ಮಡಿಗಳಲ್ಲಿ, ರಕ್ತಸಂಚಾರ ತಡೆದು ಹಾಸಿಗೆ ಹುಣ್ಣಾಗುತ್ತದೆ. ಅದನ್ನು ತಪ್ಪಿಸಲು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಬಹುಕಾಲದ ರೂಢಿ. ರೋಗಿಯ ಸ್ಥಿತಿ ಮತ್ತು ಹಾಸಿಗೆಯ ಬಗೆ ನೋಡಿ ಈ ಅಂತರ ಹೆಚ್ಚು ಕಡಿಮೆಯಾಗಬಹುದು, ಅದನ್ನು ನಿರ್ಧರಿಸಬೇಕಾದವರು ದಾದಿಯರು, ನಾನಲ್ಲ. ನನಗೆ ಸಂಬಂಧಿಸಿದ್ದು ಲೆಕ್ಕ ಮಾತ್ರ: ದಿನಕ್ಕೆ 12 ಬಾರಿ, ಅದರಲ್ಲಿ ಸುಮಾರು ಅರ್ಧ ಊರೆಲ್ಲ ಮಲಗಿರುವ ಹೊತ್ತಿನಲ್ಲಿ. ನುಂಗುವ ಶಕ್ತಿ ಕುಂದಿದವರನ್ನು ನೆಟ್ಟಗೆ ಕೂರಿಸಿ, ಹಿಂದಿನ ತುತ್ತು ಇಳಿಯಿತೇ ಎಂದು ನೋಡಿಕೊಂಡು ಮುಂದಿನ ಚಮಚ ಕೊಡಬೇಕು. ಅವಸರಪಟ್ಟರೆ ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವ ಅಪಾಯವಿದೆ. ಗಾಳಿಹಾಸಿಗೆ ಕೊಟ್ಟವರ ಹೆಸರು ಗೋಡೆಯ ಮೇಲಿರುತ್ತದೆ. ರಾತ್ರಿ ಎದ್ದು ಹೊರಳಿಸುವವಳಿಗೆ ಕೊಡಲು ಯಾವ ನಿಧಿಯಲ್ಲೂ ಹಣವಿರುವುದಿಲ್ಲ.

ದಾಸ್ತಾನು ಪರಿಶೀಲನೆಗೆಂದು ಉಗ್ರಾಣ ತೆರೆಸಿದರೆ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದ ಗಾಲಿಕುರ್ಚಿಗಳು ಮಡಿಸಿಟ್ಟಂತೆಯೇ ಸಾಲಾಗಿ ಸಿಗುತ್ತವೆ, ಎಲ್ಲವೂ ಒಂದೇ ಅಳತೆಯವು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಮಾರ್ಗಸೂಚಿಯು ಗಾಲಿಕುರ್ಚಿ ಸೇವೆಯನ್ನು ಎಂಟು ಹಂತಗಳಾಗಿ ವಿವರಿಸುತ್ತದೆ. ಬಳಸುವವರ ದೇಹಸ್ಥಿತಿಯ ತಪಾಸಣೆ, ಅಳತೆಗೆ ಹೊಂದಿಸುವುದು, ತರಬೇತಿ, ಆಮೇಲಿನ ದುರಸ್ತಿ ಎಲ್ಲವೂ ಅದರಲ್ಲಿವೆ. ಇವೆಲ್ಲಕ್ಕೂ ತರಬೇತಾದ ಸಿಬ್ಬಂದಿ ಬೇಕು. ಉಳಿದ ಔಷಧಿಗಳನ್ನು ಚೀಲದಲ್ಲಿ ತಂದು ಸುರಿಯುವವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ರೋಗಿಗಳಿಗೆ ಒಮ್ಮೆ ವಿತರಿಸಿ ಹಿಂದಿರುಗಿದ ಔಷಧಿಗಳನ್ನು ದಾನ ಮಾಡಬಾರದೆಂದು ಅದೇ ಸಂಸ್ಥೆಯ ಔಷಧಿ ದಾನದ ಮಾರ್ಗಸೂಚಿ ಸ್ಪಷ್ಟವಾಗಿಯೇ ಹೇಳಿದೆ.

ಒಂದು ಸಂಸ್ಥೆಗೆ ಒಬ್ಬ ಹಿರಿಯ ದಾನಿ ರೋಗಿಗಳ ಮನೆಗಳಿಗೆ ಹೋಗಿಬರಲು ವಾಹನ ಕೊಡಿಸಿ, ಅದರ ನಿರ್ವಹಣೆಗೂ ಹಣ ತೆಗೆದಿಟ್ಟಿದ್ದರು, ಸಂಬಳದ ಷರತ್ತಿನ ಸಮೇತ. ನಾನು ಓಡಾಟದ ದಾಖಲೆ ಪುಸ್ತಕ ಕೇಳಿದಾಗ ಮೊದಲ ಕೆಲವು ಹಾಳೆಗಳ ನಂತರ ಎಲ್ಲವೂ ಖಾಲಿ. ಚಾಲಕ ಬಿಟ್ಟುಹೋಗಿದ್ದ, ಬ್ಯಾಟರಿ ಸತ್ತಿತ್ತು. ಹಣವಿದೆಯಲ್ಲ, ಅದರಿಂದಲೇ ಹೊಸ ಚಾಲಕನನ್ನು ಇಟ್ಟುಕೊಳ್ಳಬಹುದೇ ಎಂದು ಧರ್ಮದರ್ಶಿಗಳು ಕೇಳಿದರು. ದಾನಿಯ ಲಿಖಿತ ಒಪ್ಪಿಗೆಯಿಲ್ಲದೆ ಆಗದು ಎಂದೆ, ಏಕೆಂದರೆ ಷರತ್ತಿನ ನಿಧಿಯನ್ನು ಎಷ್ಟೇ ಒಳ್ಳೆಯ ಕಾರಣಕ್ಕಾದರೂ ಬೇರೆಡೆಗೆ ತಿರುಗಿಸುವುದು ನಂಬಿಕೆದ್ರೋಹವೇ ಸರಿ. ದಾನಿಯನ್ನು ಕರೆಸಿದರು. ‘ಸೇವಾಸಂಸ್ಥೆ ಅಲ್ಲವೇ, ಓಡಿಸುವವರು ಯಾರಾದರೂ ಸಿಗುವುದಿಲ್ಲವೇ?’ ಎಂದು ಅವರು ನಿಜವಾದ ಅಚ್ಚರಿಯಿಂದ ಕೇಳಿದರು. ಭಾನುವಾರ ಸಿಗುತ್ತಾರೆ, ಮಂಗಳವಾರ ಮಧ್ಯಾಹ್ನ ಸಿಗುವುದಿಲ್ಲ ಎಂದು ಅಲ್ಲಿನ ದಾದಿ ಹೇಳಿದಳು. ಅವರು ಅಲ್ಲೇ ಕುಳಿತು ಷರತ್ತನ್ನು ಹೊಡೆದುಹಾಕಿ ಸಹಿ ಮಾಡಿದರು. ಎಲ್ಲ ದಾನಿಗಳೂ ಅವರಷ್ಟು ಬೇಗ ಒಪ್ಪುವುದಿಲ್ಲ.

ಇನ್ನು ‘ಆಡಳಿತ ವೆಚ್ಚ ಶೇಕಡಾ ಎಷ್ಟು?’ ಎಂಬ ಪ್ರಶ್ನೆ. ದಾದಿ, ಸಹಾಯಕಿ, ಚಾಲಕರ ಸಂಬಳ ಸೇವೆಯ ವೆಚ್ಚವೇ ಹೊರತು ಆಡಳಿತದ್ದಲ್ಲ. ಆಡಳಿತದ್ದೆನ್ನುವ ಔಷಧಿ ದಾಖಲೆ, ನೌಕರರ ಪೂರ್ವಾಪರ ವಿಚಾರಣೆ, ದೂರು ಸ್ವೀಕರಿಸುವ ವ್ಯವಸ್ಥೆಗಳೂ ಬಾಯಿಬಿಟ್ಟು ಹೇಳಿಕೊಳ್ಳಲಾರದ ರೋಗಿಗಳ ರಕ್ಷಣೆಗೇ ಇರುವಂಥವು. 2013ರಲ್ಲಿ ಅಮೆರಿಕದ ಗೈಡ್‌ಸ್ಟಾರ್, ಚ್ಯಾರಿಟಿ ನ್ಯಾವಿಗೇಟರ್ ಮತ್ತು ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್ ಜೊತೆಗೂಡಿ ದಾನಿಗಳಿಗೆ ಬಹಿರಂಗ ಪತ್ರ ಬರೆದು, ಈ ಶೇಕಡಾವಾರು ಒಂದನ್ನೇ ನೋಡಿ ಸಂಸ್ಥೆಯ ಯೋಗ್ಯತೆ ಅಳೆಯಬೇಡಿ ಎಂದಿದ್ದವು. ದಾನ ಕೊಡುವವರಿಗೆ ಸಂಸ್ಥೆಗಳ ಬಗ್ಗೆ ಮಾಹಿತಿ ಒದಗಿಸುವುದೇ ಕಸುಬಾದವರ ಮಾತು ಇದು. ಖರ್ಚನ್ನು ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಸರಿಸಿ ಆ ಅಂಕಿಯನ್ನು ಚೆಂದಗಾಣಿಸುವವರನ್ನು ನಾನೂ ನೋಡಿದ್ದೇನೆ.

ಹಾಗೆಂದು ಸಂಬಳದ ಹೆಸರಿನಲ್ಲಿ ಬರೆದದ್ದೆಲ್ಲ ನ್ಯಾಯವೆಂದು ನಾನು ಹೇಳುತ್ತಿಲ್ಲ. ಧರ್ಮದರ್ಶಿಗಳ ನೆಂಟರಿಷ್ಟರು ವೇತನಪಟ್ಟಿಯಲ್ಲಿದ್ದರೆ ಅವರ ಕೆಲಸವೇನು, ಆ ವೇತನವನ್ನು ಮಂಜೂರು ಮಾಡಿದವರು ಯಾರು ಎಂದು ಕೇಳಲೇಬೇಕು. ರಾತ್ರಿ ಪಾಳಿಯಲ್ಲಿ ಒಬ್ಬರ ಪಾಲಿಗೆ ಎಷ್ಟು ರೋಗಿಗಳು ಬರುತ್ತಾರೆ, ಕಳೆದ ವರ್ಷ ಎಷ್ಟು ಆರೈಕೆದಾರರು ಕೆಲಸ ಬಿಟ್ಟರು, ಏಕೆ ಬಿಟ್ಟರು ಎಂದೂ ಕೇಳಿ. ಚೆನ್ನಾಗಿ ನಡೆಯುವ ಸಂಸ್ಥೆಗಳಲ್ಲಿ ಈ ಉತ್ತರಗಳು ಕಡತದಲ್ಲೇ ಇರುತ್ತವೆ, ಹುಡುಕಿಸಬೇಕಾಗಿ ಬರುವುದಿಲ್ಲ.