ಕಫದ ಹಿಂದೆ ಗಾಳಿ ಹೋಗಬೇಕು

ಡಿಸೆಂಬರ್ ಬಂತೆಂದರೆ ಬೇಲೂರು ಕಡೆಯ ನಮ್ಮೂರಿನ ಮನೆಯಲ್ಲಿ ಬೆಳಗಾಗುತ್ತಿದ್ದದ್ದು ದೊಡ್ಡಪ್ಪನ ಕೆಮ್ಮಿನಿಂದ. ಬಚ್ಚಲೊಲೆಗೆ ಬೆಂಕಿ ಹಾಕುವಾಗ ಶುರುವಾದದ್ದು ಕಣದಲ್ಲಿ ಕಾಫಿ ಹರಡುವ ಹೊತ್ತಿಗೂ ಮುಗಿಯುತ್ತಿರಲಿಲ್ಲ. ಮುಖ ಕೆಂಪಾಗಿ, ಕತ್ತಿನ ನರ ಉಬ್ಬಿ, ಕೊನೆಗೆ ಬರುತ್ತಿದ್ದದ್ದು ಒಂದು ಚೂರು ಕಫ. ದೊಡ್ಡಮ್ಮ ಬೆನ್ನಿಗೆ ಗುದ್ದುತ್ತಾ, "ಇನ್ನೂ ಜೋರಾಗಿ ಕೆಮ್ಮಿ, ಬರುತ್ತೆ" ಅನ್ನುತ್ತಿದ್ದರು.

ಈ "ಇನ್ನೂ ಜೋರಾಗಿ" ಅನ್ನುವ ಮಾತೇ ತಪ್ಪು. ಎಷ್ಟು ಮನೆಗಳಲ್ಲಿ ಇದನ್ನೇ ಹೇಳುತ್ತಾರೆ! ಕೆಮ್ಮಿ ಕೆಮ್ಮಿ ಪಕ್ಕೆಲುಬು ಬಿರುಕು ಬಿಟ್ಟವರಿದ್ದಾರೆ, ತಲೆ ಸುತ್ತಿ ಬಿದ್ದವರಿದ್ದಾರೆ. ಕಫ ಮಾತ್ರ ಇದ್ದಲ್ಲೇ ಇರುತ್ತದೆ.

ದೊಡ್ಡಪ್ಪನಿಗೆ ಇರುವುದು ಬ್ರಾಂಕಿಯೆಕ್ಟಾಸಿಸ್. ಶ್ವಾಸಕೋಶದ ಕೆಲವು ಕೊಳವೆಗಳು ಹಿಗ್ಗಿ ಸಡಿಲವಾಗಿವೆ, ಅಲ್ಲಿ ಕಫ ನಿಲ್ಲುತ್ತದೆ. ಹಾಸನದಲ್ಲಿ ಡಾಕ್ಟರ್ ಅವರನ್ನು ಫಿಸಿಯೋಥೆರಪಿಗೆ ಕಳಿಸಿದರು. "ಫಿಸಿಯೋ ಅಂದ್ರೆ ಮಂಡಿ ನೋವಿಗಲ್ವಾ?" ಎಂದು ದೊಡ್ಡಮ್ಮನಿಗೆ ಅನುಮಾನ. ಅಲ್ಲಿದ್ದ ಹುಡುಗಿ ದೊಡ್ಡಪ್ಪನ ಕನ್ನಡಕ ತೆಗೆದು ಅವರ ಕೈಗೇ ಕೊಟ್ಟಳು. "ಯಜಮಾನ್ರೇ, ಇದನ್ನ ಹೆಂಗೆ ಒರೆಸ್ತೀರಿ ತೋರಿಸಿ." ದೊಡ್ಡಪ್ಪ ಬಾಯಿ ಅಗಲಿಸಿ ಗಾಜಿನ ಮೇಲೆ "ಹಾ..." ಎಂದು ಉಸಿರು ಬಿಟ್ಟರು. ಗಾಜು ಮಂಜಾಯಿತು. "ಅಷ್ಟೇ. ಇದನ್ನೇ ಸ್ವಲ್ಪ ಬಿರುಸಾಗಿ, ಹೊಟ್ಟೆ ಒಳಗೆ ಎಳ್ಕೊಂಡು ಮಾಡಿ. ಇದಕ್ಕೆ ಹಫ್ ಅಂತಾರೆ."

ಕೆಮ್ಮಿಗೂ ಹಫ್‌ಗೂ ಇರುವ ವ್ಯತ್ಯಾಸ ಗಂಟಲ ಬಾಗಿಲಿನದು. ಕೆಮ್ಮುವಾಗ ಅದು ಮೊದಲು ಮುಚ್ಚಿಕೊಳ್ಳುತ್ತದೆ, ಒತ್ತಡ ಕಟ್ಟುತ್ತದೆ, ಆಮೇಲೆ ಸಿಡಿಯುತ್ತದೆ. ಹಫ್‌ನಲ್ಲಿ ಬಾಗಿಲು ಪೂರ್ತಿ ತೆರೆದೇ ಇರುತ್ತದೆ. ಉಸಿರನ್ನು ಬಲವಾಗಿ ಹೊರಗೆ ತಳ್ಳಿದಾಗ ಎದೆಯ ಒತ್ತಡ ಕೊಳವೆಗಳನ್ನೂ ಹೊರಗಿನಿಂದ ಅಮುಕುತ್ತದೆ. ಗಿಡಕ್ಕೆ ನೀರು ಬಿಡುವಾಗ ಪೈಪಿನ ಬಾಯನ್ನು ಹೆಬ್ಬೆರಳಲ್ಲಿ ಒತ್ತಿದರೆ ನೀರು ಹೇಗೆ ಚಿಮ್ಮುತ್ತದೆ? ಹಾಗೆ ಕೊಳವೆ ಕಿರಿದಾದ ಕಡೆ ಗಾಳಿಯ ವೇಗ ಹೆಚ್ಚುತ್ತದೆ, ಗೋಡೆಗೆ ಅಂಟಿದ ಕಫವನ್ನು ಕೆರೆದುಕೊಂಡು ಬರುತ್ತದೆ. ಆದರೆ ಪೈಪನ್ನು ಪೂರ್ತಿ ತುಳಿದರೆ ನೀರೇ ನಿಂತುಹೋಗುತ್ತದಲ್ಲ? ಸಡಿಲವಾದ ಕೊಳವೆಗಳಿರುವವರು ಜೋರಾಗಿ ಕೆಮ್ಮಿದಾಗ ಆಗುವುದು ಇದೇ. ಕೊಳವೆ ಮುಚ್ಚಿಕೊಂಡು ಕಫ ಅದರ ಹಿಂದೆಯೇ ಉಳಿಯುತ್ತದೆ.

ಇನ್ನೊಂದು ಸೊಗಸಿದೆ. ಈ ಅಮುಕುವ ಜಾಗ ಒಂದೇ ಕಡೆ ಇರುವುದಿಲ್ಲ. ಎದೆ ತುಂಬ ಗಾಳಿ ತುಂಬಿಕೊಂಡು ಹಫ್ ಮಾಡಿದರೆ ಅದು ಮೇಲಿನ ದೊಡ್ಡ ಕೊಳವೆಗಳಲ್ಲಿರುತ್ತದೆ. ಸಾಧಾರಣ ಉಸಿರು ತೆಗೆದುಕೊಂಡು ನಿಧಾನವಾಗಿ, ಉದ್ದವಾಗಿ ಬಿಟ್ಟರೆ ಕೆಳಗಿನ ಸಣ್ಣ ಕೊಳವೆಗಳಿಗೆ ಇಳಿಯುತ್ತದೆ. ಹಾಗಾಗಿ ಮೊದಲು ಉದ್ದನೆಯ ಹಫ್, ಆಳದ ಕಫಕ್ಕೆ. ಅದು ಮೇಲೆ ಬಂದು ಗೊರಗೊರ ಅಂದಾಗ ಚಿಕ್ಕ, ಬಿರುಸಾದ ಹಫ್.

ಆದರೆ ಇದೆಲ್ಲ ನಡೆಯಬೇಕಾದರೆ ಕಫದ ಹಿಂದೆ ಗಾಳಿ ಇರಬೇಕು. ನನಗೆ ತುಂಬ ಇಷ್ಟವಾದ ಭಾಗ ಇದು. ಸುಬ್ರಹ್ಮಣ್ಯದಿಂದ ಸಕಲೇಶಪುರಕ್ಕೆ ಘಾಟಿ ಹತ್ತುವ ಗೂಡ್ಸ್ ರೈಲನ್ನು ನೋಡಿದ್ದೀರಾ? 50 ಅಡಿಗೆ 1 ಅಡಿ ಏರು. ಮುಂದಿನ ಇಂಜಿನ್ ಎಳೆದರೆ ಸಾಲದು, ಹಿಂದೆ ಬ್ಯಾಂಕರ್ ಇಂಜಿನ್‌ಗಳು ತಳ್ಳಬೇಕು. ಕಫವನ್ನು ಮುಂದಿನಿಂದ ಎಳೆಯುವವರು ಯಾರೂ ಇಲ್ಲ, ಹಿಂದಿನಿಂದ ತಳ್ಳುವ ಗಾಳಿಯೇ ಇಂಜಿನ್. ಕೊಳವೆಯೇ ಕಟ್ಟಿಕೊಂಡಿದ್ದರೆ ಆ ಗಾಳಿ ಹಿಂದಕ್ಕೆ ಹೋಗುವುದು ಹೇಗೆ?

ಅಡ್ಡದಾರಿಯಲ್ಲಿ. ಮಳೆಗಾಲದಲ್ಲಿ ತೋಟದ ದಾರಿಗೆ ಮರ ಬಿದ್ದರೆ ನಾವು ಪಕ್ಕದವರ ಬೇಲಿ ಸಂದಿಯಲ್ಲಿ ನುಗ್ಗಿ ಹೋಗುತ್ತೇವೆ. ಶ್ವಾಸಕೋಶದಲ್ಲೂ ಅಂಥ ಸಂದಿಗಳಿವೆ. ಒಂದು ಗಾಳಿಗೂಡಿನಿಂದ ಪಕ್ಕದ ಗೂಡಿಗೆ ಸಣ್ಣ ತೂತುಗಳು. 1893ರಲ್ಲಿ ಜರ್ಮನಿಯ ಹಾನ್ಸ್ ಕೋನ್ ವಿವರಿಸಿದ ಇವಕ್ಕೆ ಇಂದಿಗೂ ಕೋನ್ ರಂಧ್ರಗಳು ಎಂದೇ ಹೆಸರು. ಸುಮ್ಮನೆ ಉಸಿರಾಡುವಾಗ ಗಾಳಿ ಈ ದಾರಿಯಲ್ಲಿ ಅಷ್ಟಾಗಿ ಹೋಗುವುದಿಲ್ಲ. ಆಳವಾಗಿ ಎಳೆದುಕೊಂಡು 3 ಸೆಕೆಂಡು ಹಿಡಿದರೆ ಹೋಗುತ್ತದೆ. ಆ 3 ಸೆಕೆಂಡಿನಲ್ಲಿ ಗಾಳಿ ಪಕ್ಕದಿಂದ ನುಸುಳಿ ಕಫದ ಬೆನ್ನಿಗೆ ಬಂದು ನಿಲ್ಲುತ್ತದೆ.

ಆದ್ದರಿಂದ ಆ ಹುಡುಗಿ ಕಲಿಸಿದ ಕ್ರಮ ಹೀಗಿತ್ತು. ಮೊದಲು ಭುಜ ಸಡಿಲಬಿಟ್ಟು ಆರಾಮಾಗಿ ಉಸಿರಾಟ. ಆಮೇಲೆ ಮೂರು ನಾಲ್ಕು ಆಳವಾದ ಉಸಿರು, ಪ್ರತಿ ಸಲ 3 ಸೆಕೆಂಡು ಹಿಡಿಯುವುದು. ಮತ್ತೆ ಆರಾಮ. ಆಮೇಲೆ ಒಂದೆರಡು ಹಫ್. ಮತ್ತೆ ಆರಾಮ. ನಡುವಿನ ಈ ಆರಾಮವನ್ನು ಬಿಡಬಾರದು, ಬಿಟ್ಟರೆ ಕೊಳವೆಗಳು ಬಿಗಿದುಕೊಳ್ಳುತ್ತವೆ.

ಹಳಬರು ಗುರುತ್ವವನ್ನು ನಂಬಿದ್ದರು. 1901ರಲ್ಲಿ ಲಂಡನ್ನಿನ ವಿಲಿಯಂ ಯೂವರ್ಟ್, ರೋಗಿಯನ್ನು ತಲೆ ಕೆಳಗಾಗುವಂತೆ ಓರೆಯಾಗಿ ಮಲಗಿಸಿ ಕಫ ಇಳಿಸುವ ಬಗ್ಗೆ ಬರೆದರು. ಅದು ತಪ್ಪಲ್ಲ, ಆದರೆ ಜೋನಿ ಬೆಲ್ಲದ ಬಾಟಲಿ ಕವುಚಿದ ಹಾಗೆ. ತೆಳ್ಳಗಿದ್ದರೆ ಇಳಿಯುತ್ತದೆ, ಗಟ್ಟಿಯಾಗಿದ್ದರೆ ಕಾದು ಕೂರಬೇಕು. ರಕ್ತದೊತ್ತಡ, ಹೃದಯದ ತೊಂದರೆ, ಹುಳಿತೇಗು ಇರುವವರಿಗೆ ತಲೆ ಕೆಳಗೆ ಮಾಡುವುದು ಒಳ್ಳೆಯದೂ ಅಲ್ಲ. 1968ರಲ್ಲಿ ನ್ಯೂಜಿಲೆಂಡಿನಲ್ಲಿ ಆಸ್ತಮಾ ರೋಗಿಗಳಿಗೆ ಬಿರುಸಾಗಿ ಉಸಿರು ಬಿಡುವ ಅಭ್ಯಾಸದ ಬಗ್ಗೆ ಥಾಂಪ್ಸನ್ ಎಂಬ ಇಬ್ಬರು ಬರೆದರು. ಅದೇ ಹೊತ್ತಿಗೆ ಬೆಲ್ಜಿಯಂನ ಜಾನ್ ಶೆವಾಲಿಯೆ, ಉಸಿರಿನ ಮಟ್ಟವನ್ನೇ ಏರಿಳಿಸಿ ಕಫ ತರುವ ದಾರಿ ಹುಡುಕಿದರು. ರೋಗಿ ಇನ್ನೊಬ್ಬರ ಕೈ ಕಾಯಬೇಕಿಲ್ಲ ಅನ್ನುವುದು ಈ ಹೊಸ ಪದ್ಧತಿಗಳ ದೊಡ್ಡ ಗುಣ.

ಬೆನ್ನು ತಟ್ಟುವುದು? ತಟ್ಟಬಹುದು. ಬೊಗಸೆಯ ಹಾಗೆ ಕೈ ಮಡಿಸಿ, ಬಟ್ಟೆಯ ಮೇಲೆ, ಟೊಳ್ಳು ಸದ್ದು ಬರುವಂತೆ. ಗುದ್ದುವುದಲ್ಲ. ಬೆನ್ನುಮೂಳೆ, ಮೂತ್ರಪಿಂಡದ ಜಾಗ ಬಿಡಬೇಕು, ಊಟವಾದ ಕೂಡಲೇ ಬೇಡ.

ಹಾಲಿನ ಮಾತೂ ಹೇಳಿಬಿಡುತ್ತೇನೆ. ಹಾಲು ಕುಡಿದರೆ ಕಫ ಜಾಸ್ತಿ ಎಂದು ನಮ್ಮ ಕಡೆ ಕೆಮ್ಮುವ ಮಕ್ಕಳಿಗೆ ಹಾಲು ನಿಲ್ಲಿಸುತ್ತಾರೆ. ಆಸ್ಟ್ರೇಲಿಯಾದಲ್ಲಿ 60 ಜನರಿಗೆ ಬೇಕೆಂದೇ ನೆಗಡಿ ವೈರಸ್ ಕೊಟ್ಟು ನೋಡಿದ್ದರು. 1990ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ, ಹಾಲು ಜಾಸ್ತಿ ಕುಡಿದವರಿಗೆ ಸಿಂಬಳವೇನೂ ಹೆಚ್ಚಿರಲಿಲ್ಲ. ಹಾಲು ಎಂಜಲಿನ ಜೊತೆ ಬೆರೆತು ಗಂಟಲಲ್ಲಿ ದಪ್ಪ ಅನ್ನಿಸುತ್ತದೆ, ಅಷ್ಟೇ. ಬೆಳೆಯುವ ಮಕ್ಕಳ ಹಾಲು ಕಿತ್ತುಕೊಳ್ಳುವುದು ನನಗೆ ನಿಜವಾಗಿಯೂ ನೋವಿನ ವಿಷಯ.

ಕಫದಲ್ಲಿ ರಕ್ತ ಕಂಡರೆ ಇದ್ಯಾವುದನ್ನೂ ಮಾಡದೆ ಮೊದಲು ಡಾಕ್ಟರ್ ಹತ್ತಿರ ಹೋಗಬೇಕು. ಎರಡು ವಾರ ದಾಟಿದ ಕೆಮ್ಮಿಗೆ ಕ್ಷಯದ ಪರೀಕ್ಷೆ ಆಗಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಮಾಡುತ್ತಾರೆ.

ಈಗ ದೊಡ್ಡಪ್ಪ ಬೆಳಿಗ್ಗೆ ಎದ್ದು, ಬಚ್ಚಲ ಹೊಗೆಯಿಂದ ದೂರ, ಜಗಲಿಯ ತುದಿಯಲ್ಲಿ ಕೂರುತ್ತಾರೆ. ಪಕ್ಕದಲ್ಲಿ ಮುಚ್ಚಳದ ಡಬ್ಬಿ. ಅವರು ಉಸಿರು ಹಿಡಿದಾಗ ಒಳಗಿನಿಂದ ದೊಡ್ಡಮ್ಮ "ಒಂದು, ಎರಡು, ಮೂರು" ಎಂದು ಎಣಿಸುತ್ತಾರೆ. ಆಮೇಲೆ "ಹಾ..." ಕೇಳಿಸುತ್ತದೆ. ಇಪ್ಪತ್ತು ನಿಮಿಷಕ್ಕೆ ಕೆಲಸ ಮುಗಿಸಿ, ದೂಳಿಗೆಂದು ಮೂಗಿಗೆ ಟವಲ್ ಸುತ್ತಿಕೊಂಡು, ಕಣದ ಕಡೆ ನಡೆಯುತ್ತಾರೆ.